ಏಳುನೂರಾ ಅರವತ್ತೈದು

ರತ್ನಾಬಾಯಿಗೆ ಬೇಕಾಗಿದ್ದುದು ಗಂಡನ ದನಿ. ಅದೂ ಹದಿನೈದೇ ನಿಮಿಷ, ಬರುವ ಗುರುವಾರ ಸಂಜೆ ಆರೂವರೆಗೆ, ಧಾರವಾಡ ಆಕಾಶವಾಣಿಯಿಂದ. ಹಾಗೆಂದು ಗಂಡ ತಿಮ್ಮಣ್ಣ ದೂರದೇಶಕ್ಕೇನೂ ಹೋಗಿರಲಿಲ್ಲ. ಮಗ್ಗದಿಂದ ಮೂರು ಮೊಳ ಈಚೆಗೆ, ಹೊರಸಿನ ಮೇಲೆ ಮಲಗಿದ್ದ. ಲಕ್ವಾ ಹೊಡೆದು ಒಂದು ವರ್ಷ ಎರಡು ತಿಂಗಳಾಗಿತ್ತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಗಿನಲ್ಲಿ ಹೋಗಿದ್ದವು. ಉಳಿದ ಎಡಗೈಯ ಗೆಣ್ಣಿನಿಂದ ಹೊರಸಿನ ಕಟ್ಟಿಗೆಯನ್ನು ಎರಡು ಸಲ ಬಡಿದರೆ ನೀರು ಬೇಕು, ಮೂರು ಸಲ ಬಡಿದರೆ ಮಗ್ಗುಲು ಬದಲಿಸಬೇಕು. ಇಲಕಲ್ಲಿನ ಆ ಮನೆಯಲ್ಲಿ ಗಂಡ ಹೆಂಡತಿಯ ಸಂಸಾರವೆಲ್ಲ ಈಗ ಆ ಎರಡು ಮೂರರಲ್ಲಿ ನಡೆಯುತ್ತಿತ್ತು.

ಅವಳಿಗೆ ದಣಿವಾಗಿತ್ತು. ಮೊದಲು ಅವನು ನೇಯುತ್ತಿದ್ದ, ಅವಳು ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು, ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ತೆನಿ ಕೂಡಿಸುತ್ತಿದ್ದಳು. ಈಗ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವಳೂ ಅವಳೇ, ಕಂಡಿಕೆ ಸುತ್ತುವವಳೂ ಅವಳೇ, ನಡುವೆ ಎದ್ದು ಅವನ ಮೈ ಒರೆಸುವವಳೂ ಅವಳೇ. ಮಗಳು ಸುನಿತಾ ಹುನಗುಂದದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಬಂದಾಗ ಎರಡು ದಿನ ಕೈಗೂಡಿಸುತ್ತಾಳೆ, ಹೋಗುತ್ತಾಳೆ. ದಣಿವನ್ನು ರತ್ನಾಬಾಯಿ ಹೇಗೋ ತಡೆದುಕೊಂಡಿದ್ದಳು. ತಡೆಯಲಾಗದ್ದು ಇನ್ನೊಂದು. ಗಂಡ ಏನೇನು ಮಾತಾಡುತ್ತಿದ್ದನೆಂದು ಅವಳಿಗೆ ನೆನಪಿತ್ತು, ಬೈಗುಳವೂ ನೆನಪಿತ್ತು, ಆದರೆ ದನಿ ಮಾತ್ರ ಕಿವಿಗೆ ಹತ್ತುತ್ತಿರಲಿಲ್ಲ. ಮೂವತ್ತು ವರ್ಷ ಕೇಳಿದ ದನಿ ಒಂದು ವರ್ಷಕ್ಕೇ ಮರೆತುಹೋಗುವುದೆಂದರೆ ಏನು ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಅಂಥದರಲ್ಲಿ ಧಾರವಾಡದಿಂದ ಒಂದು ಕಾರ್ಡು ಬಂತು. ಐದು ವರ್ಷದ ಹಿಂದೆ, ತೊಂಬತ್ತೊಂಬತ್ತರಲ್ಲಿ, ಆಕಾಶವಾಣಿಯವರು ಇಲಕಲ್ಲಿಗೆ ಬಂದು ನೇಕಾರರನ್ನು ಮಾತಾಡಿಸಿದ್ದರು. ತಿಮ್ಮಣ್ಣನ ಮಾತು ಪಾವುಗಂಟೆಯಷ್ಟಿತ್ತು. ಅದನ್ನು ಮತ್ತೊಮ್ಮೆ ಪ್ರಸಾರ ಮಾಡುತ್ತೇವೆ, ಕೇಳಿರಿ ಎಂದು ಕಾರ್ಡಿನಲ್ಲಿ ಬರೆದಿತ್ತು. ಮೊದಲ ಸಲ ಅದು ಬಂದಾಗ ರತ್ನಾಬಾಯಿ ಮರೋಳದಲ್ಲಿ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ತಿರುಗಿ ಬಂದು, "ಏನ್ ಹೇಳಿದ್ರಿ ರೇಡಿಯೋದಾಗ?" ಎಂದು ಕೇಳಿದ್ದಕ್ಕೆ ಆ ಪುಣ್ಯಾತ್ಮ, "ಏನ್ ಹೇಳೂದು, ಮಗ್ಗದ ಸುದ್ದಿ," ಎಂದು ಲಾಳಿ ಎಸೆದಿದ್ದ. ಅಷ್ಟಕ್ಕೇ ಮುಗಿಯಿತು. ಇರುವ ಮಾತನ್ನು ಜೋಪಾನ ಮಾಡಿ ಗಂಟು ಕಟ್ಟಿಡುವ ಸ್ವಭಾವ ಅವನದು.

ಮನೆಯ ಹಳೆಯ ರೇಡಿಯೋ ಇಲಿ ಹೊಕ್ಕು ಕೆಟ್ಟು ಯಾವ ಕಾಲವೋ ಆಗಿತ್ತು. ಓಣಿಯಲ್ಲಿ ಎಲ್ಲರೂ ಟಿವಿಗೆ ಬಿದ್ದಿದ್ದರು. ಹೀಗಾಗಿ ಅವಳು ಬಾದಾಮಿಗೆ ಫೋನು ಮಾಡಿಸಿದಳು. ತಿಮ್ಮಣ್ಣನ ಅಣ್ಣನ ಮಗ ಯುವರಾಜ ಅಲ್ಲಿ ಒಂದು ಲಾಡ್ಜಿನಲ್ಲಿ ಕೆಲಸಕ್ಕಿದ್ದ. ಗುಹೆ ನೋಡಲು ಬಂದ ಅಮೆರಿಕದ ಮುದುಕನೊಬ್ಬ ಹೋಗುವಾಗ ಅವನಿಗೊಂದು ರೇಡಿಯೋ ಕೊಟ್ಟು ಹೋಗಿದ್ದ. ಭಾನುವಾರ ಯುವರಾಜ ಅದನ್ನು ಕಿಸೆಯಲ್ಲಿಟ್ಟುಕೊಂಡು ಬಂದ.

ಅಂಗೈಯಗಲದ ಪೆಟ್ಟಿಗೆ. ಸರಿಯುವ ಮುಳ್ಳಿಲ್ಲ, ಕಿವಿ ಹಿಂಡಿದಂತೆ ತಿರುವುವ ಗುಂಡಿಯಿಲ್ಲ. ಮುಂದೊಂದು ಸಣ್ಣ ಗಾಜು, ಅದರಲ್ಲಿ ಅಂಕಿ, ಕೆಳಗೆ ಒಂದರಿಂದ ಐದರ ತನಕ ಒತ್ತುವ ಗುಂಡಿಗಳು. "ಇದರ ಜೋಡಿ ಕರೆಂಟಿನ ಪ್ಲಗ್ಗೂ ಐತಿ ಕಾಕು, ಆದ್ರ ಅವರ ದೇಶದ್ದು. ನಮ್ಮ ಕರೆಂಟಿಗೆ ಹಚ್ಚಿದ್ರ ಸುಟ್ಟು ಹೋಕ್ಕೈತಿ. ಸೆಲ್ ಮ್ಯಾಲನ ಹಚ್ರಿ," ಎಂದು ಯುವರಾಜ ಮೂರು ಹೊಸ ಪೆನ್ಸಿಲ್ ಸೆಲ್ಲು ಹಾಕಿದ. ಧಾರವಾಡದ ಅಂಕಿ ಏಳುನೂರಾ ಅರವತ್ತೈದು. ಅವನು ಒತ್ತುತ್ತ ಹೋದರೆ ಏಳುನೂರಾ ಅರವತ್ತು ಬಂತು, ಮುಂದಿನ ಒತ್ತಿಗೆ ಎಪ್ಪತ್ತಕ್ಕೆ ಹಾರಿತು. ಹಿಂದೆ ಒತ್ತಿದರೆ ಮತ್ತೆ ಅರವತ್ತು. ಹೊರಸಿನಿಂದ ತಿಮ್ಮಣ್ಣ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಅಮೆರಿಕಾದಾಗ ಸ್ಟೇಶನ್ನು ಹತ್ತತ್ತರ ಹೆಜ್ಜಿಗೆ ಇರ್ತಾವಂತ. ನಮ್ಮಲ್ಲೆ ಒಂಬತ್ತೊಂಬತ್ತರ ಹೆಜ್ಜಿ," ಎಂದು ಯುವರಾಜ ಅದರ ಜೊತೆಗಿದ್ದ ಪುಸ್ತಕ ತಿರುವಿದ. ರೇಡಿಯೋ ಬಂದ್ ಮಾಡಿ ಯಾವುದೋ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದು, ಗಾಜಿನಲ್ಲಿ ಅಂಕಿ ಬದಲಾದ ಮೇಲೆ ಬಿಟ್ಟ. ಈ ಸಲ ಏಳುನೂರಾ ಅರವತ್ತೈದು ಬಂದು ನಿಂತಿತು, ಹೊಲದ ಸುದ್ದಿ ಹೇಳುವವನೊಬ್ಬ ಪಕ್ಕದಲ್ಲೇ ಕೂತಂತೆ ಮಾತಾಡಿದ. ಯುವರಾಜ ಅದನ್ನು ಒಂದನೆಯ ಗುಂಡಿಗೆ ಕೂಡಿಸಿ, ಗಡಿಯಾರದ ವೇಳೆಯನ್ನೂ ಹೊಂದಿಸಿದ.

"ಗುರುವಾರ ಈ ಒಂದನೇ ಗುಂಡಿ ಒತ್ರಿ ಕಾಕು, ಅಷ್ಟ. ದನಿ ಸಣ್ಣ ಆದ್ರ ಪೆಟಗಿ ಒಂಚೂರು ಹೊಳ್ಳಸ್ರಿ. ಸೀಜನ್ ಐತಿ, ನಾ ಬರಾಕ ಆಗೂದಿಲ್ಲ." ಅಷ್ಟು ಹೇಳಿ ಚಹಾ ಕುಡಿದು ಬಸ್ಸು ಹಿಡಿದ.

ಅವನು ಹೇಳದ ಮಾತೊಂದಿತ್ತು. ಹೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

ಆ ಮನೆಯಲ್ಲಿ ಸೆಲ್ಲಿಗೆ ಒಂದು ಶಿಸ್ತಿತ್ತು, ಮಾಡಿದವನು ತಿಮ್ಮಣ್ಣ. ರೇಡಿಯೋ ಕೇಳಿ ಮುಗಿದ ಕೂಡಲೇ ಸೆಲ್ ತೆಗೆಯಬೇಕು, ಒಳಗೇ ಬಿಟ್ಟರೆ ಸುಮ್ಮನೆ ಸೋರಿ ಹೋಗುತ್ತವೆ. ತೆಗೆದದ್ದನ್ನು ಅರಿವೆಯಲ್ಲಿ ಸುತ್ತಿಡಬೇಕು, ಸೊರಗಿದರೆ ಅಂಗಳದ ಕಲ್ಲಿನ ಮೇಲೆ ಬಿಸಿಲಿಗಿಡಬೇಕು. ಹಳೆಯ ರೇಡಿಯೋದಲ್ಲಿ ಎರಡು ಸೆಲ್ ಎಷ್ಟು ತಿಂಗಳು ಬಂದವೆಂದು ಅವನು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದೂ ಉಂಟು. ಯುವರಾಜ ಓಣಿ ದಾಟುತ್ತಲೇ ರತ್ನಾಬಾಯಿ ಪೆಟ್ಟಿಗೆಯ ಬೆನ್ನಿನ ಮುಚ್ಚಳ ಸರಿಸಿ ಮೂರೂ ಸೆಲ್ ತೆಗೆದಳು. ಗುರುವಾರಕ್ಕೆ ಒಂದಿಷ್ಟೂ ಕಡಿಮೆಯಾಗಬಾರದು. ಅರಿವೆಯಲ್ಲಿ ಸುತ್ತಿ ಸಕ್ಕರೆಯ ಡಬ್ಬಿಯ ಹಿಂದೆ ಇಟ್ಟಳು. ಹೊರಸಿನ ಮೇಲೆ ತಿಮ್ಮಣ್ಣ ಸಮಾಧಾನದಿಂದ ಕಣ್ಣು ಮುಚ್ಚಿದ.

ಇನ್ನೊಂದು ತೊಡಕಿತ್ತು. ಗೋಡೆಯಾಚೆ ನಜೀರಸಾಬನ ನಾಲ್ಕು ಪವರ್‌ಲೂಮ್. ಅವು ನಡೆಯುವಾಗ ಮನೆಯಲ್ಲಿ ಆಡಿದ ಮಾತೇ ಕೇಳುವುದಿಲ್ಲ, ರೇಡಿಯೋದಲ್ಲಂತೂ ಹೆಸರುಕಾಳು ಹುರಿದ ಹಾಗೆ ಬರೀ ಚಟಪಟ. ಬುಧವಾರ ಅವಳು ಅವನ ಬಾಗಿಲಿಗೆ ಹೋಗಿ ನಿಂತಳು. ಕೇಳಲು ನಾಚಿಕೆಯಾಯಿತು, ಆದರೂ ಕೇಳಿದಳು.

ನಜೀರಸಾಬ ಕಿವಿಗೆ ಕೈ ಹಚ್ಚಿ ಎಲ್ಲ ಕೇಳಿಸಿಕೊಂಡ. "ತಿಮ್ಮಣ್ಣನ ದನಿ ಅಂದ್ರ ನಾ ಬ್ಯಾಡ ಅಂತೇನಿ ಏನ್ರಿ ರತ್ನಾಬಾಯಾರ? ಆರೂ ಇಪ್ಪತ್ತಕ್ಕ ಬಂದ್ ಮಾಡಸ್ತೇನಿ. ಏಳಕ್ಕ ಚಾಲೂ ಮಾಡೂಣು."

ಗುರುವಾರ ಅವಳು ನಾಲ್ಕಕ್ಕೇ ಮಗ್ಗದಿಂದ ಎದ್ದಳು. ಗಂಡನ ಮುಖ ತೊಳೆದು, ಗಡ್ಡ ಬೋಳಿಸಿ, ಒಗೆದ ಅಂಗಿ ತೊಡಿಸಿ, ಗೋಡೆಗೆ ದಿಂಬು ಕೊಟ್ಟು ಕೂಡಿಸಿದಳು. ತಾನೂ ತಲೆ ಬಾಚಿಕೊಂಡಳು. ಹೇಳಿದ ವೇಳೆಗೆ ಗೋಡೆಯಾಚೆಯ ಲೂಮುಗಳು ಒಂದರ ಹಿಂದೊಂದು ನಿಂತವು. ಭಾನುವಾರ ಬಿಟ್ಟು ಬೇರೆ ದಿನ ಆ ಹೊತ್ತಿನಲ್ಲಿ ಓಣಿ ಅಷ್ಟು ಸುಮ್ಮನಿದ್ದುದನ್ನು ಅವಳು ಕೇಳಿಯೇ ಬಹಳ ವರ್ಷವಾಗಿತ್ತು. ಸೆಲ್ ತಂದು, ಹಿಂದುಮುಂದು ನೋಡಿ, ಸರಿಯಾಗಿ ಕೂಡಿಸಿದಳು.

ಗಾಜಿನಲ್ಲಿ ಹನ್ನೆರಡು ಗಂಟೆ ಎಂದು ಅಂಕಿ ಮಿಣಮಿಣ ಅಂದಿತು.

ಹೊರಗೆ ಸಂಜೆಯಾಗುತ್ತಿದೆ, ಇದು ಹನ್ನೆರಡು ಅನ್ನುತ್ತಿದೆ. ಇರಲಿ ಎಂದು ಅವಳು ರೇಡಿಯೋ ಹಚ್ಚಿ ಒಂದನೆಯ ಗುಂಡಿ ಒತ್ತಿದಳು. ಸುಂಯ್ ಅನ್ನುವುದೊಂದೇ ಬಂತು. ಮತ್ತೊಮ್ಮೆ ಒತ್ತಿದಳು. ಎರಡು, ಮೂರು, ನಾಲ್ಕು, ಐದು, ಎಲ್ಲ ಖಾಲಿ. ಆದರೆ ಅಂಕಿ ಅವಳಿಗೆ ಬಾಯಿಪಾಠವಾಗಿತ್ತು, ಎಳೆ ಎಣಿಸುವ ಕೈಗೆ ಎಣಿಕೆಯ ಹೆದರಿಕೆಯಿಲ್ಲ. ಬಾಣದ ಗುಂಡಿ ಒತ್ತುತ್ತ ಹೋದಳು. ಏಳುನೂರಾ ನಲವತ್ತು, ಐವತ್ತು, ಅರವತ್ತು, ಎಪ್ಪತ್ತು. ಹಿಂದೆ ಬಂದಳು, ಎಪ್ಪತ್ತು, ಅರವತ್ತು. ಮುಂದೆ ಹೋದಳು, ಎಪ್ಪತ್ತು.

"ಐದರ ಮ್ಯಾಲೆ ನಿಂದರವಲ್ದು," ಎಂದಳು ಗಂಡನಿಗೆ. ಯುವರಾಜ ಭಾನುವಾರ ಏನೋ ಒತ್ತಿ ಹಿಡಿದದ್ದು ನೆನಪಾಯಿತು. ಯಾವ ಗುಂಡಿಗಳು, ರೇಡಿಯೋ ಹಚ್ಚಿಯೋ ಬಂದ್ ಮಾಡಿಯೋ, ಒಂದೂ ನೆನಪಾಗಲಿಲ್ಲ. ಸಿಕ್ಕದ್ದನ್ನು ಒತ್ತಿ ಹಿಡಿದಳು. ಗಡಿಯಾರ ಒಂದು ಗಂಟೆ ಮುಂದೆ ಓಡಿತು, ಅಷ್ಟೇ. ಫೋನಿನ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ. ಹೋಗಿ, ಲಾಡ್ಜಿನವರು ಯುವರಾಜನನ್ನು ಕರೆದು, ಅವನು ಹೇಳಿ, ಇವಳು ತಿರುಗಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅವಳು ಅಲ್ಲೇ ಹೊರಸಿನ ತುದಿಗೆ ಕುಳಿತಳು.

ಮತ್ತೆ ಹಿಂದೆ ಒತ್ತಿದಾಗ ಏಳುನೂರಾ ಅರವತ್ತರಲ್ಲಿ ಏನೋ ಇತ್ತು. ಸುಂಯ್ ಎನ್ನುವುದರ ಹಿಂದೆ ಯಾರೋ ಮಾತಾಡುತ್ತಿದ್ದರು. ಬಾಯಿಗೆ ಕೌದಿ ಒತ್ತಿಕೊಂಡು ಮಾತಾಡಿದ ಹಾಗೆ, ಅಕ್ಷರವೆಲ್ಲ ಒಡೆದು ಗರಗರ ಎನ್ನುತ್ತಿತ್ತು. ಒಂದು ಹೆಂಗಸಿನ ದನಿ ಪ್ರಶ್ನೆ ಕೇಳಿದಂತಾಯಿತು. ಆಮೇಲೆ ಗಂಡಸಿನದು. ಅವಳು ಪೆಟ್ಟಿಗೆಯನ್ನು ಕಿವಿಗೆ ಒತ್ತಿ ಹಿಡಿದಳು. ಇದು ಅವನೇನು? ಇದೇ ಅವನ ದನಿಯೇನು? ಖಾತ್ರಿಯಾಗಲಿಲ್ಲ. ಅವಳಿಗೆ ಅಳು ಬಂತು, ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಯುವರಾಜ ಹೇಳಿದ್ದನಲ್ಲ ಎಂದು ಪೆಟ್ಟಿಗೆಯನ್ನು ತೆಂಕಣಕ್ಕೆ ಹೊಳ್ಳಿಸಿದಳು, ಬಡಗಣಕ್ಕೆ ಹೊಳ್ಳಿಸಿದಳು, ಎದ್ದು ನಿಂತು ಮಗ್ಗದ ಕಡೆಗೆ ಹಿಡಿದಳು. ನಿಮಿಷಗಳು ಹೋಗುತ್ತಲೇ ಇದ್ದವು.

ಕಿಟಕಿಯ ಹತ್ತಿರ ಅದನ್ನು ಅಡ್ಡ ಮಾಡಿ ಹಿಡಿದಾಗ ಗರಗರ ಒಂದು ಗಳಿಗೆ ತೆಳುವಾಯಿತು. ಹೆಂಗಸು ಏನೋ ಕೇಳಿ ನಕ್ಕಳು. ಗಂಡಸು ಕೆಮ್ಮಿದ. ಆ ಕೆಮ್ಮು ಅವಳಿಗೆ ಗೊತ್ತಿತ್ತು. ಹೇಳಲು ಮನಸ್ಸಿಲ್ಲದ್ದನ್ನು ಹೇಳುವ ಮೊದಲು ಅವನು ಹಾಗೇ ಕೆಮ್ಮುತ್ತಿದ್ದ. ಆಮೇಲೆ ಸ್ಪಷ್ಟವಾಗಿ, ಎದುರಿಗೆ ನಿಂತು ಅಂದಷ್ಟು ಸ್ಪಷ್ಟವಾಗಿ, ಒಂದೇ ಮಾತು ಬಂತು.

"ರತ್ನಾಬಾಯಿ."

ಅದರ ಹಿಂದೆಯೇ ಗರಗರ ಮುಚ್ಚಿಕೊಂಡಿತು.

ಅವಳು ಪೆಟ್ಟಿಗೆ ಹಿಡಿದುಕೊಂಡು ಹಾಗೇ ನಿಂತಳು. ಓಣಿಯೆಲ್ಲ ಅವಳನ್ನು ರತ್ನಾಬಾಯಿ ಎಂದೇ ಕರೆಯುತ್ತದೆ. ನಜೀರಸಾಬ ಕರೆಯುತ್ತಾನೆ, ನೂಲಿನ ಅಂಗಡಿಯವನು ಕರೆಯುತ್ತಾನೆ. ತಿಮ್ಮಣ್ಣ ಮಾತ್ರ ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳ ಹೆಸರು ಹಿಡಿದವನಲ್ಲ. ಹಿರಿಯರ ಕಾಲದಿಂದ ಆ ಮನೆಯಲ್ಲಿ ಅದು ನಡೆದು ಬಂದದ್ದೇ ಹಾಗೆ, ಅವಳೂ ಅವನ ಹೆಸರು ಹೇಳಿದ್ದಿಲ್ಲ. ಮೊದಮೊದಲು "ಏ, ಕೇಳಿಲ್ಲೆ" ಎನ್ನುತ್ತಿದ್ದ. ಮಗಳು ಹುಟ್ಟಿದ ಮೇಲೆ ಒಳಗೆ ಮುಖ ಮಾಡಿ "ಸುನಿತಾ" ಎಂದು ಕೂಗುತ್ತಿದ್ದ, ಇವಳು ಬರುತ್ತಿದ್ದಳು. ಮಗಳು ಮದುವೆಯಾಗಿ ಹುನಗುಂದಕ್ಕೆ ಹೋದ ಮೇಲೂ "ಸುನಿತಾ" ಎಂದೇ ಕೂಗುತ್ತಿದ್ದ, ಇವಳೇ ಬರುತ್ತಿದ್ದಳು. ಇಂಥ ಮನುಷ್ಯ ಇಡೀ ಜಿಲ್ಲೆ ಕೇಳುವಂತೆ ಅವಳ ಹೆಸರು ಹೇಳಿ ಬಂದಿದ್ದಾನೆ, ಮನೆಗೆ ಬಂದು ಮಗ್ಗದ ಸುದ್ದಿ ಎಂದಿದ್ದಾನೆ.

ಪೆಟ್ಟಿಗೆಯಲ್ಲಿ ಮತ್ತೆ ಗರಗರ ತೆಳುವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಒಡಕು ಒಡಕಾಗಿ ವಾದ್ಯದ ಸಪ್ಪಳ ಬಂತು. ಮುಗಿದಿತ್ತು.

ಅವಳು ತಿರುಗಿ ನೋಡಿದಳು. ತಿಮ್ಮಣ್ಣ ಅವಳನ್ನೇ ನೋಡುತ್ತಿದ್ದ. ಎಡಗಣ್ಣಿನಿಂದ ನೀರಿಳಿದು, ಆಗಷ್ಟೇ ಬೋಳಿಸಿದ ಗಲ್ಲದ ಮೇಲೆ ಬಂದಿತ್ತು.

"ನನ್ನ ಹೆಸರು ಹಿಡದು ಏನಂದ್ರಿ?" ಎಂದು ಕೇಳಿದಳು. "ಹೊಗಳಿದ್ರೋ, ಬೈದ್ರೋ?"

ಅವನ ಬಾಯಿ ತೆರೆಯಿತು. ನಾಲಿಗೆ ಎದ್ದಂತೆ ಮಾಡಿ ಮಲಗಿತು. ಬಂದದ್ದು ಬರೀ ಉಸಿರು.

ಏಳಕ್ಕೆ ನಜೀರಸಾಬ ಬಾಗಿಲಲ್ಲಿ ನಿಂತು, "ಕೇಳಿದ್ರೇನ್ರಿ? ಚಾಲೂ ಮಾಡಸ್ಲಿ?" ಎಂದ. "ಕೇಳಿದ್ನಿ, ಮಾಡಸ್ರಿ," ಎಂದಳು. ಸುಳ್ಳೂ ಅಲ್ಲ, ಖರೆಯೂ ಅಲ್ಲ. ನಾಲ್ಕೂ ಲೂಮು ಒಟ್ಟಿಗೆ ಹತ್ತಿಕೊಂಡವು. ಅವಳು ದೀಪ ಹಚ್ಚಿ ರೊಟ್ಟಿಗೆ ಹಿಟ್ಟು ಕಲಸಿದಳು.

ಮುಂದಿನ ಭಾನುವಾರ ಯುವರಾಜ ಒಂದು ಹೊತ್ತಿನ ರಜೆ ಹಾಕಿ ಬಂದ. ಬರೀ ಪೆಟ್ಟಿಗೆಯನ್ನೂ ಅರಿವೆಯಲ್ಲಿ ಸುತ್ತಿದ ಸೆಲ್ಲನ್ನೂ ನೋಡಿ ಅವನಿಗೆ ಎಲ್ಲ ತಿಳಿಯಿತು. ತಲೆಯ ಮೇಲೆ ಕೈಯಿಟ್ಟುಕೊಂಡ. "ಕಾಕು, ಇದು ಹಳೇ ರೇಡಿಯೋ ಅಲ್ಲ. ಸೆಲ್ ತಗದ್ರ ಇದು ಎಲ್ಲಾ ಮರೀತೈತಿ. ವೇಳೆ ಮರೀತೈತಿ, ಧಾರವಾಡ ಮರೀತೈತಿ, ಮತ್ತ ಅಮೆರಿಕಾದ ಹೆಜ್ಜಿಗೆ ಹೋಕ್ಕೈತಿ. ಬಂದ್ ಇದ್ರೂ ಸೆಲ್ ಒಳಗ ಇರಬೇಕು. ನಾ ಹೇಳಬೇಕಿತ್ತು."

ರತ್ನಾಬಾಯಿ ಗಂಡನ ಕಡೆ ನೋಡಿದಳು. ಸೆಲ್ಲಿನ ಶಿಸ್ತು ಮಾಡಿದ ಯಜಮಾನ ಗೋಡೆಯ ಕಡೆ ಮುಖ ಮಾಡಿದ. ಬೈಯಬೇಕೆನಿಸಿತು, ಬೈಯಲು ಕಸುವಿರಲಿಲ್ಲ.

"ಧಾರವಾಡಕ್ಕ ಕಾಗದ ಬರೀಲೇನು ಕಾಕು? ಮತ್ತೊಮ್ಮೆ ಹಾಕ್ರಿ ಅಂತ?"

"ಬರಿ," ಎಂದಳು. "ಅವರು ಮತ್ತ ಐದು ವರ್ಷಕ್ಕ ಹಾಕ್ತಾರ. ಅಲ್ಲೀತನಾ ನಾವಿಬ್ರೂ ಇದ್ರ ಕೇಳೂಣು."

ಯುವರಾಜ ಮತ್ತೆ ಒಂಬತ್ತರ ಹೆಜ್ಜೆಗೆ ತಂದು, ಒಂದನೆಯ ಗುಂಡಿಗೆ ಧಾರವಾಡ ಕೂಡಿಸಿ ಹೋದ. ಭಾನುವಾರವಾದ್ದರಿಂದ ಲೂಮು ನಿಂತಿದ್ದವು. ಏಳುನೂರಾ ಅರವತ್ತೈದರಲ್ಲಿ ಯಾರೋ ಕಡಲೆಗೆ ಹುಳ ಬೀಳದಂತೆ ಏನು ಮಾಡಬೇಕೆಂದು ಹೇಳುತ್ತಿದ್ದರು, ಒಂದಕ್ಷರ ಒಡೆಯದೆ ಬರುತ್ತಿತ್ತು. ಅವಳು ಬಂದ್ ಮಾಡಿದಳು. ಮುಚ್ಚಳದ ಮೇಲೆ ರೂಢಿಯಂತೆ ಹೆಬ್ಬೆರಳು ಹೋಯಿತು, ಅದನ್ನು ಹಿಂದಕ್ಕೆ ತೆಗೆದುಕೊಂಡು, ಪೆಟ್ಟಿಗೆಯನ್ನು ಸೆಲ್ಲಿನ ಸಮೇತ ಗೋಡೆಯ ಮಾಡದಲ್ಲಿ ಇಟ್ಟಳು.

ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಕೈಗೆ ತೆಗೆದುಕೊಂಡಾಗ ಹಿಂದಿನಿಂದ ಹೊರಸಿನ ಕಟ್ಟಿಗೆಯ ಸಪ್ಪಳವಾಯಿತು. ಟಕ್, ಟಕ್. ನೀರು.

ಅವಳು ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. "ಹೆಸರು ಹಿಡದು ಕರೀರಿ, ಬರ್ತೇನಿ," ಎಂದಳು.

ಸಪ್ಪಳ ನಿಂತಿತು. ಅವಳು ಕಾದಳು. ಹಿಂದೆ ಉಸಿರೆಳೆದದ್ದು ಕೇಳಿತು, ಒಂದು ಕೆಮ್ಮು ಕೇಳಿತು. ಮತ್ತೆ ಉಸಿರು, ಮತ್ತೆ ಉಸಿರು. ಮಾತು ಬರಲಿಲ್ಲ. ಆದರೆ ಕಟ್ಟಿಗೆಯನ್ನೂ ಅವನು ಮತ್ತೆ ಬಡಿಯಲಿಲ್ಲ, ಉಸಿರು ತೆಗೆದು ತೆಗೆದು ಯತ್ನಿಸುತ್ತಲೇ ಇದ್ದ. ರತ್ನಾಬಾಯಿ ಲಾಳಿ ಕೆಳಗಿಟ್ಟು, ಮಗ್ಗದ ಮರ ಹಿಡಿದು ಎದ್ದು, ತಂಬಿಗೆಯಲ್ಲಿ ನೀರು ತುಂಬಿಕೊಂಡು ಅವನ ಹತ್ತಿರ ಹೋದಳು.