ಉಲ್ಲಾಸನ ಹಾಜರಿ

"ನನ್ನ ಮಗನ ಹಾಜರಿ ಹಾಕ್ಲಿಕ್ಕೆ ಮರ್ತದ್ದಾ? ನಿನ್ನದು ಹಾಕ್ಲಿಕ್ಕೆ ಮರೀಲಿಲ್ಲ ಅಲ್ವಾ, ಬೇವರ್ಸಿ?"

ತೋಟದ ಧನಿ ದೇರಣ್ಣ ರಬ್ಬರ್ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. ಒಳಗೆ ರಬ್ಬರ್ ಹಾಲಿಗೆ ಹಾಕುವ ಆ್ಯಸಿಡ್ ವಾಸನೆ ಅವನಿಗಾಗದು. ತಿಲಕವತಿ ಕಿರುಗುಟ್ಟುವ ರೋಲರಿನ ಹಿಡಿ ತಿರುಗಿಸುತ್ತಲೇ ಇದ್ದಳು. ನಿಲ್ಲಿಸಿದರೆ ಅದಕ್ಕೊಂದು ಬೈಗುಳ ಬೇರೆ. ಆ ಬದಿಯಿಂದ ಅವಳ ಅಮ್ಮ ಪಾಕ್ಯಂ ಹೆಪ್ಪುಗಟ್ಟಿದ ರಬ್ಬರನ್ನು ಉರುಳೆಗಳ ನಡುವೆ ತಳ್ಳುತ್ತಿದ್ದಳು. ಈ ಬದಿಗೆ ಅದು ಬಿಳಿ ಶೀಟಾಗಿ ಇಳಿಯುತ್ತಿತ್ತು.

"ನನ್ನ ಹೆಸ್ರಾದ ಮೇಲೆ ಅವ್ರದ್ದು ಬರುದು ಧನಿ. ಅಷ್ಟರಲ್ಲಿ ಕರೆಂಟು ಹೋಯ್ತು."

"ಕರೆಂಟು ನಿನ್ನ ಹೆಸ್ರು ಮುಗೀಲಿಕ್ಕೆ ಕಾದು ಕೂತದ್ದಾ? ಸಿಲೋನಿನ ಬುದ್ಧಿ ಎಲ್ಲಿ ಹೋಗ್ತದೆ."

ಸಿಲೋನಿನಿಂದ ಹಡಗು ಹತ್ತಿ ಬಂದದ್ದು ಅವಳ ಅಜ್ಜ. ಅವಳು ಹುಟ್ಟಿದ್ದು ಐವರ್ನಾಡಿನಲ್ಲೇ, ಈ ತೋಟದ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ. ಆದರೂ ಯಾರದೋ ಕೊಡಪಾನ ಕಾಣೆಯಾಗಲಿ, ಕೋಳಿ ಕಾಣೆಯಾಗಲಿ, ಜನ ಮೊದಲು ಹುಡುಕುವುದು ಸಿಲೋನಿನವರ ಲೈನಿನಲ್ಲಿ. ಅಂಥ ಲೈನಿನ ಹುಡುಗಿಗೆ ಡಾಕ್ಟರ್ ಓದಲು ಸರ್ಕಾರಿ ಸೀಟು ಸಿಕ್ಕಿದಾಗಲೂ ಎಲ್ಲಿಯೋ ಏನೋ ಮೋಸ ಉಂಟು ಎಂದವರಿದ್ದರು. ದೇರಣ್ಣನ ಮಗ ಉಲ್ಲಾಸ್ ಅದೇ ಕಾಲೇಜಿಗೆ, ಅದೇ ಕ್ಲಾಸಿಗೆ ದುಡ್ಡು ಕಟ್ಟಿ ಸೇರಿದ. ಅದರ ಬಗ್ಗೆ ಯಾರೂ ಏನೂ ಎನ್ನಲಿಲ್ಲ.

ಕೊರೊನಾ ಬಂದು ಕಾಲೇಜು ಮುಚ್ಚಿ ಪಾಠವೆಲ್ಲ ಫೋನಿಗೆ ಬಂತು. ಲೈನಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ದೇರಣ್ಣನ ಮನೆಯ ವೈಫೈ ಮಾತ್ರ ಶೆಡ್ಡಿನವರೆಗೆ ಇಳಿದು ಬರುತ್ತದೆ. ಇಲ್ಲೇ ಕೂತುಕೋ ಎಂದ ದೇರಣ್ಣ, ಮಗನ ಇನ್ನೊಂದು ಫೋನನ್ನೂ ಅವಳ ಕೈಯಲ್ಲಿಟ್ಟ.

ಅಂದಿನಿಂದ ಕಿಟಕಿಯ ದಂಡೆಯ ಮೇಲೆ ಎರಡು ಫೋನು. ತನ್ನ ಹೆಸರು ಬಂದಾಗ "ಪ್ರೆಸೆಂಟ್ ಸರ್" ಎನ್ನುವುದು. ಉಲ್ಲಾಸನ ಹೆಸರು ಬಂದಾಗ ಅವನ ಮೈಕ್ ತೆರೆದು, ಸ್ವರ ಹೋಗುತ್ತಿಲ್ಲ ಸರ್, ಇದ್ದೇನೆ ಎಂದು ಟೈಪ್ ಮಾಡುವುದು. ಟೆಸ್ಟಿನ ದಿನ ಮೊದಲು ಅವನದನ್ನು ಬರೆದು ಕಳಿಸಬೇಕು; ಅದಾಗುವವರೆಗೆ ದೇರಣ್ಣ ಬಾಗಿಲು ಬಿಟ್ಟು ಕದಲುವುದಿಲ್ಲ. ಉಳಿದ ಹೊತ್ತಿನಲ್ಲಿ ಅವಳದ್ದು. ವಾಕ್ಯ ಬದಲಿಸಲು ಪುರುಸೊತ್ತು ಎಲ್ಲಿಯದು?

ಉಲ್ಲಾಸ್ ಬಿಸಿಲೇರಿದ ಮೇಲೆ ಎದ್ದು ಜೀಪಿನ ಕೀಲಿ ತಿರುಗಿಸುತ್ತ ಬರುತ್ತಿದ್ದ.

"ನಿನ್ಗೆ ಲಾಭವೇ ಮಾರಾಯ್ತಿ. ಎರಡೆರಡು ಸಲ ಓದಿದ ಹಾಗಾಗ್ತದೆ."

"ನಾಳೆ ರೋಗಿ ಬಂದ್ರೆ ಎಂತ ಮಾಡ್ತೀರಿ?"

"ನಿನ್ನನ್ನೇ ನರ್ಸಾಗಿ ಇಟ್ಕೊಳ್ಳುದು." ಅವನು ನಕ್ಕ. ಕೆಟ್ಟ ಮನಸ್ಸಿನಿಂದಲ್ಲ, ಅವನಿಗೆ ಅದು ನಿಜವಾಗಿಯೂ ಒಳ್ಳೆಯ ಏರ್ಪಾಡಾಗಿ ಕಂಡಿತ್ತು.

ಪೆಥಾಲಜಿಯ ಡಾಕ್ಟರ್ ಸರ್ವೋತ್ತಮ ಪಾಠ ಇಂಗ್ಲಿಷಿನಲ್ಲಿ ಮಾಡುತ್ತಿದ್ದರು, ಬೈಯುವಾಗ ಕನ್ನಡಕ್ಕೆ ಇಳಿಯುತ್ತಿದ್ದರು. ಒಂದು ಟೆಸ್ಟಾದ ಮೇಲೆ ಇಡೀ ಕ್ಲಾಸಿನ ಎದುರು ಇಳಿದರು.

"ತಿಲಕವತಿ, ಉಲ್ಲಾಸ್ ಉತ್ತರ ಮೊದಲು ಬಂದಿದೆ. ನಿಮ್ಮದು ಆಮೇಲೆ. ಕಾಮಾ ಸಮೇತ ಒಂದೇ. ಅವರ ಮೈಕಿನಲ್ಲಿ ಕೇಳುವ ಕಿರಿಕಿರಿ ಸದ್ದು ನಿಮ್ಮದರಲ್ಲಿಯೂ ಕೇಳ್ತದೆ. ಅವರ ಮನೆಗೆ ಹೋಗಿ ನೋಡಿ ಬರೆಯುವುದಾ?"

"ಇಲ್ಲ ಸರ್."

"ಹಾಗಾದರೆ ಅವರು ನಿಮ್ಮ ಮನೆಗೆ ಬರ್ತಾರಾ?"

ಪರದೆಯ ಮೇಲೆ ನಗುವ ಮುಖದ ಚಿತ್ರಗಳು ಒಂದರ ಮೇಲೊಂದು ಏರಿದವು.

"ನಾಳೆ ಡೀನ್ ಬರ್ತಾರೆ. ಆನ್‌ಲೈನ್ ಪಾಠದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಕೇಳಲಿಕ್ಕೆ ಉಂಟು. ಅದಾದ ಮೇಲೆ ನೀವು ನಕಲು ಮಾಡಿದ್ದನ್ನು ಒಪ್ಪಿ ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಪರೀಕ್ಷೆಗೆ ಕೂರಲಿಕ್ಕಿಲ್ಲ."

ದೇರಣ್ಣ ಬಾಗಿಲಲ್ಲಿದ್ದ. ಎಲ್ಲ ಕೇಳಿಸಿಕೊಂಡಿದ್ದ. "ಒಪ್ಪಿ ಬಿಡು. ಒಂದು ಮಾತಲ್ಲಿ ಮುಗಿದು ಹೋಗ್ತದೆ. ನನ್ನ ಮಗನ ಹೆಸ್ರು ನಿನ್ನ ಬಾಯಲ್ಲಿ ಬಂದ್ರೆ ಮಾತ್ರ ಲೈನಿನ ಮನೆ ಖಾಲಿ. ಅಪ್ಪ ಅಮ್ಮನನ್ನು ಕಟ್ಟಿಕೊಂಡು ಸಿಲೋನಿಗೇ ಹೋಗು."

ಮನೆಯಲ್ಲಿ ಅಪ್ಪ ಮುತ್ತಯ್ಯ ರಬ್ಬರ್ ಮರ ಕೆತ್ತುವ ಟ್ಯಾಪಿಂಗ್ ಕತ್ತಿ ಮಸೆಯುತ್ತಿದ್ದ. ತಲೆ ಎತ್ತಲಿಲ್ಲ. "ಒಪ್ಪಿ ಬಿಡು. ಕಳ್ಳರು ಅನ್ನಿಸ್ಕೊಳ್ಳುದು ನಮ್ಗೆ ಹೊಸತಾ?"

ಅಮ್ಮನದು ಬೇರೆಯೇ ಅನುಮಾನ. "ಆ ಹುಡುಗನ ಫೋನು ನಿನ್ನತ್ರ ಯಾಕೆ ಇರುದು? ಲೈನಿನವ್ರೆಲ್ಲ ಕೇಳ್ತಾರೆ."

"ಅವ್ನ ಬದ್ಲಿಗೆ ನಾನು ಕೂರುದಮ್ಮ. ಕಾಲೇಜಿನವ್ರಿಗೆ ನಾನೇ ಉಲ್ಲಾಸ."

ಪಾಕ್ಯಂ ಮಗಳ ಮುಖವನ್ನೇ ನೋಡಿದಳು. ಹಾಜರಿ ಎಂದು ಧನಿ ಬೈಯುವುದು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಎರಡು ಫೋನು ಏಕೆಂದು ಇಷ್ಟು ದಿನ ಕೇಳಿರಲೂ ಇಲ್ಲ. ಕೇಳಿದರೆ ಏನು ಉತ್ತರ ಬಂದೀತೋ ಎಂಬ ಹೆದರಿಕೆ.

"ಅಂದ್ರೆ ಅವ್ನು ಡಾಕ್ಟ್ರಾಗುದು ನಮ್ಮ ಶೆಡ್ಡಿನಲ್ಲಾ?"

ಮರುದಿನ ಡೀನ್ ಬಂದರು. ಎಲ್ಲರೂ ಮನಸ್ಸು ಬಿಚ್ಚಿ ಹೇಳಬೇಕು ಎಂದರು. ಮುಖದ ಕೆಳಗೇ ಹೆಸರು ಬರೆದಿರುವಾಗ ಯಾರು ಬಿಚ್ಚುತ್ತಾರೆ? ರೋಗಿಯ ಹೊಟ್ಟೆ ಮುಟ್ಟದೆ ಎಂತ ಕಲಿಯುದು, ನಾವು ಫೋನಿನ ಡಾಕ್ಟ್ರುಗಳು ಎಂದು ನಿನ್ನೆಯಷ್ಟೇ ಮೆಸೇಜಿನಲ್ಲಿ ಬೈದಿದ್ದ ಕಡಬದ ಅಮೀರಾ, "ಮನೆಯಲ್ಲೇ ಕೂತು ಚೆಂದ ಅರ್ಥ ಆಗ್ತದೆ ಸರ್" ಎಂದಳು. ಇನ್ನೊಬ್ಬ ಹುಡುಗ ಜಾಸಿರ್, ತುಂಬ ಉಪಕಾರವಾಗಿದೆ ಸರ್ ಎಂದ. ಇವಳ ಮಾತು ಕೇಳಿ ಅವನು, ಅವನ ಮಾತು ಕೇಳಿ ಮತ್ತೊಬ್ಬಳು. ಸರ್ವೋತ್ತಮರು ತಲೆಯಾಡಿಸುತ್ತಿದ್ದರು.

"ಈ ಬ್ಯಾಚಿನಲ್ಲಿ ಅತಿ ಹೆಚ್ಚು ಹಾಜರಿ ಯಾರದ್ದು?" ಡೀನ್ ಕೇಳಿದರು.

"ಉಲ್ಲಾಸ್ ಅಂತ ಸರ್." ಪಟ್ಟಿಯಲ್ಲಿ ಒಂದು ದಿನ ಮುಂದಿದ್ದ ತಿಲಕವತಿಯನ್ನು ಸರ್ವೋತ್ತಮರು ಹಾರಿಸಿದರು. "ಹಳ್ಳಿಯಿಂದ, ನೆಟ್ ಕಷ್ಟ ಇದ್ದರೂ ಬಿಡುವುದಿಲ್ಲ."

"ಭೇಷ್. ಉಲ್ಲಾಸ್, ಕ್ಯಾಮೆರಾ ಹಾಕಿ. ನಿಮ್ಮ ಅಭಿಪ್ರಾಯ ಕೇಳುವಾ."

ಉಲ್ಲಾಸ್ ನೆಟ್ಟಣದ ಕಡೆ ಜೀಪು ಬಿಟ್ಟುಕೊಂಡು ಹೋಗಿದ್ದ. ದೇರಣ್ಣ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ. "ಕರೆಂಟಿಲ್ಲ ಅಂತ ಹಾಕು. ಬೇಗ ಹಾಕು."

ಆಗ ರೋಲರ್ ಕಿರುಗುಟ್ಟಿತು. ಉರುಳೆಗಳ ನಡುವೆ ಶೀಟು ಇರಲಿಲ್ಲ. ಪಾಕ್ಯಂ ಬರಿದೇ ತಿರುಗಿಸುತ್ತಿದ್ದಳು.

"ಏ ಹೆಂಗಸೇ, ನಿಲ್ಸು ಅದನ್ನು."

ಪಾಕ್ಯಂ ನಿಲ್ಲಿಸಲಿಲ್ಲ. ಮಗಳನ್ನೂ ನೋಡಲಿಲ್ಲ. ತಿರುಗಿಸಿದಳು.

ತಿಲಕವತಿ ಎರಡೂ ಫೋನಿನ ಮೈಕ್ ತೆರೆದಳು; ಎರಡರಲ್ಲೂ ಅದೇ ಕಿರಿಕಿರಿ ಹೋಯಿತು. ಎರಡರ ಕ್ಯಾಮೆರಾವನ್ನೂ ಒತ್ತಿದಳು. ಪರದೆಯ ಎರಡು ಚೌಕಗಳಲ್ಲಿ ಒಂದೇ ಮುಖ ಮೂಡಿತು, ಹಿಂದೆ ಅದೇ ನೇತುಬಿದ್ದ ಶೀಟುಗಳು, ಅದೇ ರೋಲರ್, ಅದೇ ಪಾಕ್ಯಂ. ಒಂದರ ಕೆಳಗೆ ತಿಲಕವತಿ ಎಂದಿತ್ತು. ಇನ್ನೊಂದರ ಕೆಳಗೆ ಉಲ್ಲಾಸ್.

ದೇರಣ್ಣ ಒಳಗೆ ಕಾಲಿಟ್ಟ. ಮಗನ ಹೆಸರಿನ ಚೌಕದಲ್ಲಿ ಅವನ ಅರ್ಧ ಮುಖವೂ ಕಂಡಿತು. ಕಂಡದ್ದೇ ಹಾವು ತುಳಿದವನಂತೆ ಹಿಂದಕ್ಕೆ ಹಾರಿ, ಪಂಚೆ ಎತ್ತಿಕೊಂಡು ಮನೆಯ ಏರು ಹತ್ತತೊಡಗಿದ. "ದಮಯಂತೀ, ವೈಫೈ ತೆಗಿ. ಏ ದಮಯಂತೀ, ಸತ್ತಿದ್ದೀಯಾ? ಸ್ವಿಚ್ಚು ತೆಗಿ." ಮನೆಯ ಕಿಟಕಿಯಲ್ಲಿ ಅವನ ಹೆಂಡತಿ ನಿಂತಿದ್ದಳು. ಅಲ್ಲಿಂದ ಕದಲಲಿಲ್ಲ, ಕೇಳಿಸಿತೋ ಇಲ್ಲವೋ.

ಯಾವ ಚೌಕದಲ್ಲೂ ಯಾರೂ ನಗುತ್ತಿರಲಿಲ್ಲ. ಸರ್ವೋತ್ತಮರ ತಲೆ ಆಡುವುದು ನಿಂತಿತ್ತು.

"ಉಲ್ಲಾಸ್?" ಡೀನ್ ಕೇಳಿದರು.

"ಪ್ರೆಸೆಂಟ್ ಸರ್," ಎಂದಳು ತಿಲಕವತಿ. "ಅಭಿಪ್ರಾಯ ಹೇಳ್ತೇನೆ. ಬೇಗ ಹೇಳ್ಬೇಕು, ಧನಿ ಅಂಗಳ ಹತ್ತಿ ಆಯ್ತು."