ದೊಡ್ಡ ಸಾರ್ ಹೆಸರಿನ ಪಾಚಿ

ದೊಡ್ಡ ಸಾರ್ ಮಾತಾಡುತ್ತಲೇ ಮೇಜಿನ ಮೇಲಿದ್ದ ಚಿಮಟವನ್ನು ಎತ್ತಿ ಕಿವಿಯೊಳಗೆ ತಿರುವಿದರು. ತುದಿಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ, ಪ್ಯಾಂಟಿಗೆ ಒರೆಸಿ, ಮತ್ತೆ ತಟ್ಟೆಯಲ್ಲಿಟ್ಟರು. ಅದೇ ಚಿಮಟದಿಂದ ಪಾಚಿಯ ಎಳೆ ಬಿಡಿಸುತ್ತಿದ್ದ ಸಂಶೋಧಕಿ ತಟ್ಟೆಯನ್ನು ದೂರ ಸರಿಸಿದಳು. ಊರಿನ ಕೊಳಚೆಯೆಲ್ಲ ಸಮುದ್ರಕ್ಕೆ ಬೀಳುವ ಕೊಳವೆಯ ಬಾಯಲ್ಲಿ ಮೊಣಕಾಲುದ್ದ ಹೊಲಸಿನಲ್ಲಿ ನಿಂತಾಗಲೂ ಅವಳಿಗೆ ಇಷ್ಟು ಅಸಹ್ಯವಾಗಿರಲಿಲ್ಲ.

ಅವಳ ಪಾಚಿ ಸಿಕ್ಕಿದ್ದು ಆ ಹೊಲಸಿನಲ್ಲೇ. ಕೆಂಪು ಕಡಲಪಾಚಿಯ ಮೈಮೇಲೆ ಬಿಳಿಚಿಕೊಂಡ ಗಂಟುಗಳು, ಮುಟ್ಟಿದರೆ ಲೋಳೆ. ನೋಡಿದವರೆಲ್ಲ ರೋಗವೆಂದು ಎಸೆದಿದ್ದರು. ಅವಳು ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಕಣ್ಣು ನೋಯಿಸಿಕೊಂಡು, ಡಿಎನ್‌ಎ ತೆಗೆಸಿ, ಈ ಗಂಟೂ ಕೆಂಪು ಪಾಚಿಯ ಕುಲದ್ದೇ, ಇನ್ನೂ ಹೆಸರಿಲ್ಲದ ಹೊಸ ಪ್ರಭೇದ ಎಂದು ತೋರಿಸಿದಳು. ಅಷ್ಟರಲ್ಲಿ ಕೂದಲಿಗೆ ಹತ್ತಿದ ನಾತ ಯಾವ ಶಾಂಪೂವಿಗೂ ಬಗ್ಗದಾಯಿತು. "ಮೊದ್ಲು ಸ್ನಾನ ಮಾಡು ತಾಯಿ, ಮಾತು ಆಮೇಲೆ," ಎಂದು ಅತ್ತೆ ಮೂಗು ಹಿಡಿದುಕೊಂಡೇ ಬಾಗಿಲು ತೆರೆಯುತ್ತಿದ್ದರು.

ಈಗ ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದಿತ್ತು.

"ಲೇಖನದಲ್ಲಿ ನನ್ನ ಹೆಸರು ಮೊದ್ಲು ಹಾಕಮ್ಮ," ಎಂದರು ವಿಭಾಗದ ಮುಖ್ಯಸ್ಥರಾದ ದೊಡ್ಡ ಸಾರ್. "ಪಾಚಿಗೂ ನನ್ನ ಹೆಸರೇ ಇಡು."

ಕೊಳವೆಯ ಕಡೆ ತಲೆ ಹಾಕಿಯೂ ಮಲಗದ ಮನುಷ್ಯ! ತನ್ನದೆನ್ನಲು ಅವಳಿಗಿದ್ದದ್ದು ಈ ಒಂದು ಪಾಚಿ. ಅದಕ್ಕೂ ಈ ಕಿವಿಯ ಕೊಳೆ ಮೆತ್ತಿಕೊಳ್ಳುವುದೇ?

"ಎರಡೂ ಆಗಲ್ಲ ಸಾರ್. ತಾನೇ ಬರ್ದು ತನ್ನ ಹೆಸರೇ ಇಟ್ಕೊಂಡ್ರೆ ನಮ್ಮ ಕ್ಷೇತ್ರದವರು ನಗ್ತಾರೆ. ಲೇಖನದಲ್ಲಿ ಇರ್ತೀರೋ, ಪಾಚೀಲಿ ಇರ್ತೀರೋ, ನೀವೇ ಹೇಳಿ."

ದೊಡ್ಡ ಸಾರ್ ನಾಲಿಗೆಯಿಂದ ಹಲ್ಲಿನ ಸಂದಿ ಕೆದಕುತ್ತ ಯೋಚಿಸಿದರು. "ಲೇಖನ ಯಾರಮ್ಮ ಓದ್ತಾರೆ? ಹೆಸರು ಶಾಶ್ವತ. ನೀನೊಬ್ಳೇ ಬರ್ಕೋ."

ಅವಳು ಕರಡು ಕೊಟ್ಟಳು. ತಮ್ಮ ಹೆಸರಿನ ಕಾಗುಣಿತ ಸರಿಯಿದೆಯೇ ಎಂದಷ್ಟೇ ನೋಡಿ ಹಿಂದಕ್ಕೆ ತಳ್ಳಿದರು.

ಅಚ್ಚಾಗಿ ಬಂದ ದಿನ ವಿಭಾಗದವರನ್ನೆಲ್ಲ ಕೂರಿಸಿ ಅವರೇ ಗಟ್ಟಿಯಾಗಿ ಓದಿದರು. ಹೆಸರಿಗೆ ಚಪ್ಪಾಳೆ ಬಿತ್ತು. ಉಬ್ಬಿಹೋಗಿ ಮುಂದುವರಿಸಿದರು: "ಬಿಳಿಚಿದ ಗಂಟು. ಸ್ವಂತ ಆಹಾರ ತಯಾರಿಸಲಾರದು. ಹತ್ತಿರದ ಬಂಧುವಿನ ಮೈಗೇ ಅಂಟಿಕೊಂಡು, ಅದರ ರಸ ಹೀರಿ ಬದುಕುವ ಬದನಿಕೆ. ಕೊಳಚೆಯಲ್ಲಿ ಹುಲುಸಾಗಿ..." ದನಿ ಅಲ್ಲೇ ಇಳಿಯಿತು. ಗಾಜಿನ ಸಾಮಾನು ತೊಳೆಯುವಾಕೆಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ಏನಮ್ಮಾ ಇದು? ಹೆಸರು ಬದಲಾಯ್ಸು!"

"ಒಂದಕ್ಷರವೂ ಸುಳ್ಳಲ್ಲ ಸಾರ್. ಅಚ್ಚಾದ್ಮೇಲೆ ಇಷ್ಟ ಇಲ್ಲ ಅಂತ ಹೆಸರು ಬದಲಾಯ್ಸೋ ಹಾಗಿಲ್ಲ. ಇಟ್ಟೋಳಿಗೂ ಆ ಹಕ್ಕಿಲ್ಲ."

ದೊಡ್ಡ ಸಾರ್ ಬೆರಳು ಅಭ್ಯಾಸಬಲದಿಂದ ಕಿವಿಗೆ ಹೋಯಿತು. ಸಂಶೋಧಕಿ ಜೇಬಿನಿಂದ ಆ ಚಿಮಟ ತೆಗೆದು ಅವರ ಮುಂದಿಟ್ಟಳು.

"ಇದೂ ನಿಮಗೇ ಇರ್ಲಿ ಸಾರ್. ನಾನು ಬೇರೆ ತಗೊಂಡಿದೀನಿ."

ಆಮೇಲೆ ಕೈ ತೊಳೆಯಲು ಹೋದಳು.