ಒಪ್ಪಿಸದ ಪಾಳಿ

ನೀರು ಅಲ್ಲಾಡಿತು, ಮೇಜಿನ ನಡುವೆ ಇಟ್ಟಿದ್ದ ಗಾಜಿನ ಜಗ್ಗಿನಲ್ಲಿ, ಒಂದು ಬೆರಳಿನಷ್ಟು ಈ ಕಡೆ, ಒಂದು ಬೆರಳಿನಷ್ಟು ಆ ಕಡೆ, ಯಾರೋ ನಗುತ್ತ ಮೇಜಿಗೆ ಗುದ್ದಿರಬೇಕು, ಕೂಟಕ್ಕೆ ಬಂದ ಈ ಮುದುಕರಿಗೆ ಮೆಲ್ಲಗೆ ನಗುವುದಕ್ಕೆ ಎಂದಾದರೂ ಬಂದಿತ್ತೇ — ಆದರೆ ಅವನ ಕಣ್ಣು ನಗುವವನ ಕಡೆ ಹೋಗಲಿಲ್ಲ, ನೀರಿನ ಅಂಚಿನ ಮೇಲೇ ನಿಂತಿತು, ಪ್ರಾಯವೆಲ್ಲ ಹಡಗಿನ ಹೊಟ್ಟೆಯೊಳಗೆ ಅಷ್ಟೇ ತಾನೇ ಮಾಡಿದ್ದು, ಬಾಯ್ಲರಿನ ಮುಂದೆ ನಿಂತು ಒಂದು ಗಾಜಿನ ಕೊಳವೆಯಲ್ಲಿ ನೀರು ಎಲ್ಲಿದೆ ಎಂದು ನೋಡುವುದು, ತೀರ ಇಳಿಯಬಾರದು, ತೀರ ಏರಬಾರದು, ನಡುವೆ ಇರಬೇಕು, ನಡುವೆ ಇಡುವುದಕ್ಕೆ ಒಂದು ಕೈ ವಾಲ್ವಿನ ಮೇಲೇ ಇರಬೇಕು, ಬಾಯ್ಲರ್ ಎಂಬ ಹೆಸರು ಅಂಟಿಕೊಂಡದ್ದು ಅದಕ್ಕೇ, ಹುಟ್ಟಿದಾಗ ಇಟ್ಟ ಹೆಸರು ಪಿಂಚಣಿ ಕೊಡುವವರಿಗೆ ಮಾತ್ರ ಗೊತ್ತು, ಹೆಂಡತಿ ಕೂಡ ಜಗಳವಾಡಿದ ದಿನ ಬಾಯ್ಲರ್ ಸಾಹೇಬ್ರೇ ತಟ್ಟೆ ತೊಳೀರಿ ಎನ್ನುತ್ತಿದ್ದಳು, ಎನ್ನುತ್ತಿದ್ದಳು, ಈಗ ಎನ್ನುವುದಿಲ್ಲ, ಲಕ್ವ ಹೊಡೆದು ಬಲಗಡೆಯೆಲ್ಲ ಮಲಗಿದ ಮೇಲೆ ಅವಳ ಬಾಯಿಂದ ಬರುವುದು ಒಂದೋ ಎರಡೋ ಅಕ್ಷರ, ಉಳಿದದ್ದನ್ನು ಇವನೇ ಕಟ್ಟಿಕೊಳ್ಳಬೇಕು. ನೀರು. ಅವಳಿಗೆ ನೀರು ಕೊಡುವ ವಿಷಯ. ಮನೆಯಲ್ಲಿ ಅವಳ ಹತ್ತಿರ ಬಿಟ್ಟುಬಂದ ಸೌಟಿಗೆ ಹೇಳಲೇ ಇಲ್ಲ.

ಹೇಗೆ ಹೇಳದೆ ಬಂದೆ, ನಿನ್ನೆಯಿಂದ ಲೋಟದ ನೀರು ಅವಳಿಗೆ ನೆತ್ತಿಗೇರುತ್ತಿದೆ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಗದ್ದ ತಗ್ಗಿಸಿ, ಚಮಚದಲ್ಲೇ ಕೊಡಬೇಕು, ಇಷ್ಟೇ ಮಾತು, ಇಷ್ಟು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು — ಸೌಟು ಬೆಳಗ್ಗೆ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದ, ಹಡಗಿನ ಅಡುಗೆಯವನು, ಬೇರೆ ಏನೆಂದು ಕರೆಯುತ್ತಾರೆ ಅವನನ್ನು, ಬಂದವನೇ ಅಡುಗೆಮನೆಗೆ ನುಗ್ಗಿ ಪಾತ್ರೆಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸತೊಡಗಿದ, ಅಣ್ಣಾ ನೀನು ಹೊರಡು, ಅತ್ತಿಗೆ ಮಲಗಿದ್ದಾರೆ, ಎದ್ದಮೇಲೆ ನಾನು ನೋಡ್ಕೋತೀನಿ, ನೀನಿಲ್ಲಿ ಕಂಬದ ಹಾಗೆ ನಿಂತ್ರೆ ನನಗೆ ಕೆಲಸ ಸಾಗಲ್ಲ, ಅಷ್ಟರಲ್ಲಿ ಬೀದಿಯಲ್ಲಿ ಬಾವುಟನ ಕಾರು ಹಾರ್ನ್ ಹೊಡೆಯುತ್ತಿದೆ, ಹಡಗಿನ ಮೇಲ್ಗಡೆ ಬಾವುಟ ಬೀಸಿ ಬೇರೆ ಹಡಗುಗಳ ಜೊತೆ ಮಾತಾಡುತ್ತಿದ್ದ ಪುಣ್ಯಾತ್ಮ, ನೆಲಕ್ಕಿಳಿದು ಇಷ್ಟು ವರ್ಷವಾದರೂ ಕೈ ಬೀಸದೆ ಒಂದು ಮಾತಾಡಲಾರ, ಅವನ ಕಾರಿನಲ್ಲಿ ಸಾಹೇಬರು ಬೇರೆ ಕಾಯುತ್ತಿದ್ದಾರೆ, ಹಡಗಿನ ಕಪ್ತಾನರು, ಈಗ ಮಂಡಿ ನೋವು, ಅವರನ್ನು ಕಾಯಿಸುವುದೇ, ಹಳೆಯ ಭಯ ಕಾಲಿಗೆ ಬಂತು, ಶೂ ಹಾಕಿಕೊಂಡ, ಒಂದರ ಲೇಸು ಕಟ್ಟಲೂ ಇಲ್ಲ, ಬಂದುಬಿಟ್ಟ. ಹೆಗಲ ಮೇಲೆ ಕೈ ಬೀಳಲಿಲ್ಲ.

ಬೀಳದೆ ಬರಬಾರದು, ಅದೊಂದನ್ನು ಬಾಯ್ಲರ್ ಕೋಣೆಗೆ ಇಳಿದ ಮೊದಲ ದಿನವೇ ಕಲಿಸಿದ್ದರು, ಅಲ್ಲಿ ಗಂಟಲು ಹರಿದುಕೊಂಡರೂ ಕೇಳುವುದಿಲ್ಲ, ಕಿವಿ ಅರ್ಧ ಹೋದದ್ದೂ ಅಲ್ಲೇ, ಪಾಳಿ ಬದಲಿಸಲು ಬಂದವನು ಹಿಂದಿನಿಂದ ಬಂದು ಎಡ ಹೆಗಲ ಮೇಲೆ ಕೈಯಿಟ್ಟು ಒಂದು ಸಲ ಒತ್ತುತ್ತಾನೆ, ಬಂದೆ ಎಂದು, ನೀನು ತಿರುಗುವ ಹಾಗಿಲ್ಲ, ಕಣ್ಣು ನೀರಿನ ಗಾಜಿನ ಮೇಲೇ ಇರಬೇಕು, ನೋಡುತ್ತಲೇ ಹೇಳಬೇಕು, ನೀರು ಇಷ್ಟಿದೆ, ಒತ್ತಡ ಇಷ್ಟಿದೆ, ಎಡಗಡೆಯ ಪಂಪು ಕೊಸರಾಡುತ್ತಿದೆ, ಎಲ್ಲ ಹೇಳಿ ಮುಗಿದ ಮೇಲೆ ಅವನು ಇನ್ನೊಂದು ಸಲ ಒತ್ತುತ್ತಾನೆ, ತಗೊಂಡೆ ಎಂದು, ಆಮೇಲೆಯೇ ವಾಲ್ವಿನಿಂದ ಕೈ ಎತ್ತುವುದು, ಅಲ್ಲಿಯತನಕ ಪಾಳಿ ನಿನ್ನದೇ, ನಿದ್ದೆ ಬಂದರೂ ನಿನ್ನದೇ, ವಾಂತಿ ಬಂದರೂ ನಿನ್ನದೇ — ಬಿರುಗಾಳಿಯ ದಿನ ಬಂದಿತ್ತಲ್ಲ, ಪಾಳಿ ಬದಲಿಸಬೇಕಾದವನು ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ, ಇವನು ವಾಲ್ವ್ ಹಿಡಿದು ನಿಂತೇ ಇದ್ದ, ಮೈಯಲ್ಲಿ ಕಸುವಿಲ್ಲ, ಯಾರೂ ಬರುವುದಿಲ್ಲ ಎಂದುಕೊಂಡಾಗ ಹೆಗಲ ಮೇಲೆ ಒಂದು ಕೈ, ಈರುಳ್ಳಿ ವಾಸನೆ ಹೊಡೆಯುವ ಕೈ, ಸೌಟು, ಅವನ ಕೆಲಸವೇ ಅಲ್ಲ, ಮೇಲೆ ಗಂಜಿ ಕಾಯಿಸುತ್ತಿದ್ದವನು ಕೆಳಗಿಳಿದು ಬಂದು ಕಿವಿಯ ಹತ್ತಿರ ಕೂಗಿದ, ದಿನಾ ಹಂಡೆ ಕಾಯೋನು ನಾನು, ಇದೂ ಒಂದು ಹಂಡೆ ತಾನೇ, ಏನು ನೋಡ್ಬೇಕು ಹೇಳಣ್ಣ, ಹೇಳಿದ, ಎರಡನೆಯ ಒತ್ತು ಬಿತ್ತು, ಇವನು ಪಕ್ಕದಲ್ಲೇ ಕಬ್ಬಿಣದ ನೆಲದ ಮೇಲೆ ಕುಸಿದು ಮಗುವಿನ ಹಾಗೆ ಮಲಗಿಬಿಟ್ಟ, ಅಂಥ ನಿದ್ದೆ ಮತ್ತೆ ಬರಲಿಲ್ಲ. ಅದನ್ನು ಅವಳಿಗೆ ಹೇಳಿದ್ದ, ಅವಳು ನಕ್ಕಿದ್ದಳು, ಆಮೇಲೆ ಮಗಳು ಹುಟ್ಟಿ ಅತ್ತೂ ಅತ್ತೂ ಮನೆ ಹಾರಿಸುತ್ತಿದ್ದ ಕಾಲದಲ್ಲಿ ಅವಳೇ ಶುರು ಮಾಡಿದಳು, ಮಗುವನ್ನು ಎತ್ತಿಕೊಂಡು ತಿರುಗುತ್ತಿದ್ದವನ ಹೆಗಲ ಮೇಲೆ ಕೈ, ಒಂದು ಒತ್ತು, ಹೊಟ್ಟೆನೋವು ಇರಬೇಕು ಕಣೇ, ಹಾಲು ಕಕ್ಕಿದ್ದಾಳೆ, ಇನ್ನೊಂದು ಒತ್ತು, ಹೋಗಿ ಮಲಕ್ಕೊಳ್ಳಿ, ಮಗಳು ಬೆಳೆದು ಗಂಡನ ಮನೆಗೆ ಹೋದ ಮೇಲೂ ಬಿಡಲಿಲ್ಲ, ಒಲೆಯ ಮೇಲೆ ಹಾಲಿಟ್ಟು ಕಾಯುತ್ತಿದ್ದರೂ ಹೆಗಲ ಮೇಲೆ ಕೈ, ಲಕ್ವ ಹೊಡೆದ ಮೇಲೆ ನಿಂತುಹೋಯಿತು, ನಿಲ್ಲದೆ ಇನ್ನೇನು, ಎರಡು ವರ್ಷದಿಂದ ಪಾಳಿ ಇವನೊಬ್ಬನದೇ.

ಒಬ್ಬನದೇ ಎಂದರೆ ನಾಲಿಗೆ ಸೇದಿಹೋಗಬೇಕು, ಎದುರಿಗೆ ಕೂತು ಸೂಪು ಸೊರ ಸೊರ ಎಳೆಯುತ್ತಿರುವ ಇವರೆಲ್ಲ ಮತ್ತೆ ಏನು ಮಾಡಿದ್ದು, ಅವಳು ಬಿದ್ದ ಸುದ್ದಿ ತಿಳಿದದ್ದೇ ತಡ, ಒಬ್ಬರಿಗೊಬ್ಬರು ಹೇಳಿಕೊಂಡು ಬಂದರು, ಬರಬೇಡಿ ಎಂದರೂ ಬಂದರು, ಬೆಸುಗೆ ಕೆಲಸದವನೊಬ್ಬ ಬಚ್ಚಲಿನ ಗೋಡೆಯುದ್ದಕ್ಕೂ ಹಿಡಿದು ನಡೆಯಲು ಪೈಪು ಕೂರಿಸಿ ಹೋದ, ಹಡಗಿನಲ್ಲಿದ್ದಂಥದೇ, ಮನೆ ಮುಳುಗಿದರೂ ಆ ಪೈಪು ಕದಲುವುದಿಲ್ಲ, ಬಾವುಟ ಹೊಸ್ತಿಲಿಗೆ ಹಲಗೆಯ ಇಳಿಜಾರು ಮಾಡಿದ, ಗಾಲಿಕುರ್ಚಿ ಇಳಿಯಲೆಂದು, ಮತ್ತೆ ಸಾಹೇಬರು, ಅಯ್ಯೋ ಸಾಹೇಬರು, ಹಡಗಿನಲ್ಲಿ ಹಾಸಿಗೆಯ ಮೂಲೆ ಸರಿಯಾಗಿ ಮಡಚದಿದ್ದರೆ ಇಡೀ ಸಾಲನ್ನೇ ಬಿಸಿಲಲ್ಲಿ ನಿಲ್ಲಿಸುತ್ತಿದ್ದವರು, ಒಂದು ದಿನ ಮಂಡಿ ಹಿಡಿದುಕೊಂಡು ಬಂದು ಅವಳ ಒದ್ದೆಯಾದ ಹಾಸಿಗೆಯ ಬಟ್ಟೆ ತಾವೇ ಬದಲಿಸಿದರು, ಮೂಲೆ ಮಡಚಿ, ಏನಯ್ಯಾ, ಈಗಲೂ ನಿನಗೆ ಇದು ಬರಲ್ವಲ್ಲ, ಎಂದರು, ಇವನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ, ನಾಚಿಕೆಯಿಂದಲ್ಲ, ಯಾವ ಜನ್ಮದಲ್ಲಿ ಏನು ಮಾಡಿದ್ದೆನೋ ಇಂಥವರು ಸಿಕ್ಕಿದ್ದಾರೆ ಎಂದು, ಈ ವರ್ಷದ ಕೂಟವನ್ನೇ ಇವನಿಗಾಗಿ ಇಲ್ಲಿಗೆ ತಂದರಲ್ಲ, ಪ್ರತಿ ವರ್ಷ ಬಂದರಿನ ಹತ್ತಿರ ಸೇರುತ್ತಿದ್ದವರು, ಬಾಯ್ಲರನ ಮನೆಗೆ ಹತ್ತಿರ, ಮೆಟ್ಟಿಲಿಲ್ಲದ ಜಾಗ ಬೇಕು ಎಂದು ಹುಡುಕಿ, ಕೆಳಗಿನ ಅಂತಸ್ತಿನ ಈ ಉದ್ದ ಕೋಣೆ, ಎಣ್ಣೆ ಬಣ್ಣದ ಗೋಡೆ, ಕಿರಗುಟ್ಟುವ ಫ್ಯಾನು, ಅತ್ತಿಗೇನೂ ಕರ್ಕೊಂಡು ಬಾ ಎಂದರು, ಮುಂಚೆ ಒಂದು ವರ್ಷವೂ ತಪ್ಪಿಸಿದವಳಲ್ಲ, ಇವರಿಗಿಂತ ಜೋರಾಗಿ ನಗುತ್ತಿದ್ದಳು, ಕೇಳಿದಾಗ ಎಡಗೈಯಿಂದ ತನ್ನ ಜೋತ ತುಟಿ ಮುಟ್ಟಿ ತೋರಿಸಿ ಗೋಡೆಗೆ ಮುಖ ಮಾಡಿದಳು, ಎರಡು ವರ್ಷದಲ್ಲಿ ಡಾಕ್ಟರ ಹತ್ತಿರ ಬಿಟ್ಟು ಹೊಸ್ತಿಲು ದಾಟಿಲ್ಲ, ಒತ್ತಾಯ ಮಾಡಬೇಡ ಎಂದರು ಇವರೂ. ಸರಿ, ನೀನಾದ್ರೂ ಬಾ, ಸೌಟು ಕೂತಿರ್ತಾನೆ.

ಫೋನು ಮಾಡಿದ, ಎತ್ತುತ್ತಿಲ್ಲ, ಮತ್ತೆ ಮಾಡಿದ, ಎತ್ತುತ್ತಿಲ್ಲ, ನೀರು ಕೊಟ್ಟುಬಿಟ್ಟನೋ, ಲೋಟದಲ್ಲಿ, ಮಲಗಿದ ಹಾಗೇ — ಇನ್ನೊಂದು ಕೈ ಜಗ್ಗಿನ ಹಿಡಿಯನ್ನು ಯಾವಾಗ ಹಿಡಿಯಿತೋ ಗೊತ್ತಿಲ್ಲ, ಬೆರಳಿನ ಗಿಣ್ಣು ಬೆಳ್ಳಗಾಗಿದೆ, ಲೋ ಬಾಯ್ಲರ್, ಜಗ್ಗು ಬಿಡೋ, ಅದೇನು ಓಡಿಹೋಗಲ್ಲ, ಬಾವುಟ ಎರಡೂ ಕೈ ಬೀಸುತ್ತಾನೆ, ಎಲ್ಲರೂ ನಗುತ್ತಾರೆ, ಇವನೂ ನಗುತ್ತಾನೆ, ಕೈ ಮಾತ್ರ ಬಿಡುತ್ತಿಲ್ಲ, ಅಷ್ಟರಲ್ಲಿ ಫೋನು ಕುಣಿಯಿತು, ಸೌಟು, ಗದ್ದಲದಲ್ಲಿ ಒಂದು ಅಕ್ಷರವೂ ಕೇಳಿಸುತ್ತಿಲ್ಲ, ಬಾವುಟನ ಕೈಗೆ ಕೊಟ್ಟ, ಕೇಳೋ, ನೀರು ಕೊಟ್ನಾ ಕೇಳೋ, ಬಾವುಟ ಕಿವಿಗಿಟ್ಟುಕೊಂಡ, ಹೂಂ, ಹೂಂ, ಆಮೇಲೆ ಕೈಸನ್ನೆ ಸಮೇತ ವರದಿ, ಮೊದಲ ಗುಟುಕಿಗೇ ಕೆಮ್ಮಿದ್ರಂತೆ, ಆಮೇಲೆ ಎತ್ತಿ ಕೂರಿಸಿ ಚಮಚದಲ್ಲಿ ಕೊಟ್ನಂತೆ, ಇಡೀ ಹಡಗಿಗೆ ಉಣ್ಣಿಸಿದವನಿಗೆ ಗಂಟಲು ನೋಡಿದ್ರೆ ಗೊತ್ತಾಗಲ್ವೇನೋ ಅಂತಾನೆ, ಜೀವ ಬಂತು, ಸೌಟೇ ನಿನ್ನ ಹೊಟ್ಟೆ ತಣ್ಣಗಿರಲಿ, ಆದರೆ ಬಾವುಟ ಇನ್ನೂ ಕೇಳುತ್ತಿದ್ದಾನೆ, ಮುಖ ಗಂಟಾಗಿದೆ, ಎದ್ದಾಗಿಂದ ಅತ್ತಿಗೆ ಹೆಗಲು ಹೆಗಲು ತಟ್ಕೊತಿದಾರಂತೆ, ನೋವಿರ್ಬೇಕು ಅಂತ ಸೌಟು ಮುಲಾಮು ತಿಕ್ಕೋಕೆ ಹೋದ್ರೆ ಕಿತ್ಕೊಂಡು ಅವನ ಕೈಗೇ ಒಂದು ಬಿಟ್ರಂತೆ, ಮುಲಾಮೆಲ್ಲ ಅವರ ಕೈಗೇ ಮೆತ್ಕೊಂಡಿದೆಯಂತೆ, ಮತ್ತೆ ಬಾಗಿಲು ತೋರಿಸ್ತಾರಂತೆ, ಮತ್ತೆ ಹೆಗಲಂತೆ — ನೋವಲ್ಲ, ಇವನಿಗೆ ತಿಳಿಯಿತು, ಎದ್ದು ನೋಡಿದಾಗ ಇವನಿಲ್ಲ, ಒಪ್ಪಿಸದೆ ಹೋಗಿದ್ದಾನೆ, ಕೇಳುತ್ತಿದ್ದಾಳೆ, ಪಾಳಿ ಯಾರದು, ಒಪ್ಪಿಸಿ ಹೋದರಾ, ಲೋ ಬಾವುಟ, ನಾನು ಬರ್ತೀನಿ ಅಂತ ಹೇಳು, ಈಗಲೇ ಬರ್ತೀನಿ, ಎದ್ದ, ಎದ್ದವನ ಭುಜ ಅದುಮಿ ಬಾವುಟ ಕೂರಿಸಿದ, ನೀನು ಕೂತ್ಕೋ, ಸೂಪು ಆರುತ್ತೆ, ಎಂದು ಫೋನಿನ ಜೊತೆ ಹೊರಗೆ ಹೋದ, ಗಾಜಿನ ಬಾಗಿಲಿನಾಚೆ ಅವನ ತೋಳು ಮೇಲೆ ಕೆಳಗೆ ಹಾರುತ್ತಿದೆ, ಒಳಗೆ ಬಂದು ಸಾಹೇಬರ ಕಿವಿಯಲ್ಲಿ ಏನೋ ಹೇಳಿದ, ಗುಟ್ಟು ಎಂದರೆ ಅವನ ಮುಖವೇ ಊರಿಗೆಲ್ಲ ಸಾರುತ್ತದೆ, ಏನೋ ಇದೆ, ಸಾಹೇಬರು ಇವನ ಕಡೆ ನೋಡಿ ಕೂತಿರಯ್ಯಾ ಎಂದರು, ಅಪ್ಪಣೆ, ಕೂತ.

ಕೂತ, ಕಣ್ಣು ಜಗ್ಗಿನ ನೀರಿನ ಮೇಲೆ, ಕೈ ಹಿಡಿಯ ಮೇಲೆ, ಬಾಗಿಲಿಗೆ ಬೆನ್ನು, ಸೂಪು ಆರಿತು, ಯಾರೋ ಹಳೆಯ ಕತೆ ಎತ್ತಿದರು, ಬಿರುಗಾಳಿಯ ಕತೆಯೇ ಇರಬೇಕು, ಗಂಜಿ ಹಂಡೆ ಎಂಬ ಮಾತು ಕೇಳಿತು, ಆಮೇಲೆ ಆ ಕತೆ ಅರ್ಧಕ್ಕೇ ನಿಂತಿತು, ನಗು ನಿಂತಿತು, ಸಾಹೇಬರು ಕುರ್ಚಿಯ ತೋಳು ಹಿಡಿದು ಎದ್ದು ನಿಂತರು, ನೋಯುವ ಮಂಡಿಯ ಮೇಲೇ, ಅವರು ಎದ್ದದ್ದು ನೋಡಿ ಮೇಜಿನ ಸುತ್ತ ಎಲ್ಲರೂ, ಎಲ್ಲರ ಕಣ್ಣು ಇವನ ಬೆನ್ನ ಹಿಂದೆ, ಗಾಲಿಯೊಂದು ನೆಲಕ್ಕೆ ಕಿರಗುಟ್ಟಿದ ಹಾಗಾಯಿತು, ಮೂಗಿಗೆ ಮುಲಾಮಿನ ಘಾಟು — ಎಡ ಹೆಗಲ ಮೇಲೆ ಒಂದು ಕೈ. ಸೌಟಿನದಲ್ಲ, ಅವನದು ಹಲಗೆಯಂಥ ಕೈ, ಇದು ಹಗುರ, ಕೆಳಗಿನಿಂದ ಚಾಚಿ ಬಂದ ಕೈ, ಒತ್ತಿತು. ಬಂದೆ. ತಿರುಗಬೇಕು, ತಿರುಗುವ ಹಾಗಿಲ್ಲ, ಅವಳು ಬಂದಿದ್ದಾಳೆ, ಆ ತುಟಿ ಹೊತ್ತುಕೊಂಡು, ಇಷ್ಟು ಜನರ ಮುಂದೆ, ಹೊಸ್ತಿಲು ದಾಟಿ, ಸೌಟು ತಳ್ಳಿದ ಗಾಲಿಕುರ್ಚಿಯಲ್ಲಿ, ಹೇಳಬೇಕು, ಹೇಳಿದ, ನೀರನ್ನೇ ನೋಡುತ್ತ, ಬಾಯ್ಲರ್ ಕೋಣೆಯ ದೊಡ್ಡ ಗಂಟಲಲ್ಲಿ ಹೊರಟ ದನಿ ನಡುವೆಯೇ ಸಣ್ಣದಾಯಿತು, ನೀರು ಚಮಚದಲ್ಲೇ, ಗದ್ದ ತಗ್ಗಿಸಿ, ಮಗ್ಗುಲು ಎಡಕ್ಕೆ ಮಾಡಿಸ್ಬೇಕು, ಹಗಲು ಕಿಟಕಿ ತೆರೆದಿಡ್ಬೇಕು, ಬೇಜಾರಾದ್ರೆ ಗೋಡೆ ಕಡೆ ತಿರುಗ್ತಾಳೆ, ಆಗ ಏನೂ ಮಾಡೋದು ಬೇಡ, ಪಕ್ಕದಲ್ಲಿ ಕೂತಿದ್ರೆ ಸಾಕು, ಮತ್ತೆ, ಮತ್ತೆ ನನಗೆ, ನನಗೆ ಸುಸ್ತಾಗಿದೆ ಕಣೇ, ಇಷ್ಟು ದಿನ ಯಾರಿಗೂ ಹೇಳದ ಮಾತು, ಅವಳಿಗಂತೂ ಹೇಳಲೇಬಾರದು ಎಂದುಕೊಂಡ ಮಾತು, ಹೋಯಿತು, ಬಾಯಿಂದ ಹೋಯಿತು, ಇಷ್ಟೇ, ಮುಗಿಯಿತು, ಜಗ್ಗಿನಲ್ಲಿ ನೀರು ನಿಂತಿದೆ, ಇಳಿಯದೆ, ಏರದೆ, ನಡುವೆ, ಕೈ ಹೆಗಲ ಮೇಲೇ ಇದೆ, ಬೆರಳುಗಳು ಸುಕ್ಕುಗಟ್ಟಿದ ಅಂಗಿಯ ಮೇಲೆ ಜಾರುತ್ತಿವೆ, ಮತ್ತೆ ಹಿಡಿಯುತ್ತಿವೆ, ಮುಲಾಮಿನ ಘಾಟು, ಜಾರಿತು, ಮತ್ತೆ ಹಿಡಿಯಿತು, ಎಡಗೈ, ಒಂದೇ ಕೈ, ಇರುವ ಬಲವನ್ನೆಲ್ಲ ಕೂಡಿಸಿ — ಒತ್ತಿತು, ಜಗ್ಗಿನ ಹಿಡಿಯಿಂದ ಇವನ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು, ಹೆಗಲ ಮೇಲೆ ಕೈ, ಹೆಗಲ ಮೇಲೆ ಅವಳ ಕೈ